‘ಇತಿಹಾಸದಲ್ಲಿ ಈ ದಿನ’ ಬರೆಯುವುದು ಹೇಗೆ? ಏಪ್ರಿಲ್ 12 ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಏಪ್ರಿಲ್ 12 ಅಂತ ಹುಡುಕಿ ನೋಡಿ. ನೂರಾರು ಸಾಲು ಬಂದು ಬೀಳುತ್ತವೆ. ಯುದ್ಧ, ರಾಕೆಟ್, ಲಸಿಕೆ, ಹಾಡು, ಕ್ರಿಕೆಟ್ ಆಟಗಾರ, ಸಿನಿಮಾ ನಟಿ ಎಲ್ಲಾ ಒಟ್ಟಿಗೆ. ಹೆಚ್ಚಿನವರು ಅದರಲ್ಲಿ ಮೇಲಿನ ಹತ್ತು ಸಾಲು ಎತ್ತಿಕೊಂಡು, ಕನ್ನಡಕ್ಕೆ ತಿರುಗಿಸಿ, ಬೆಳಿಗ್ಗೆ ಹಾಕಿಬಿಡುತ್ತಾರೆ. ಓದಿದವರು ‘ಹೌದಾ’ ಅಂತ ಮುಂದೆ ಹೋಗುತ್ತಾರೆ. ಸಂಜೆ ಹೊತ್ತಿಗೆ ಒಂದೂ ನೆನಪಿರುವುದಿಲ್ಲ.

ಇದು ನನಗೆ ತುಂಬಾ ಬೇಸರದ ವಿಷಯ. ದಿನವಿಶೇಷ ಓದಿಯೇ ಇತಿಹಾಸದ ರುಚಿ ಹತ್ತಿಸಿಕೊಂಡವರು ಎಷ್ಟೋ ಜನ ಇದ್ದಾರೆ, ನಾನೂ ಅವರಲ್ಲಿ ಒಬ್ಬ. ಹಲವು ವರ್ಷದಿಂದ ಇಂಥ ಪುಟಗಳನ್ನು ಬರೆಯುತ್ತಾ ಬಂದಿದ್ದೇನೆ. ನಾನು ಕಲಿತದ್ದು ಇಷ್ಟು: ಆ ದಿನ ನಿಜವಾಗಿ ಏನಾಯಿತು ಅಂತ ಕೇಳುವ ಅಭ್ಯಾಸ ಬಂದರೆ ಪುಟ ತಾನಾಗಿ ಎದ್ದು ನಿಲ್ಲುತ್ತದೆ. ಆ ಪ್ರಶ್ನೆ ಕೇಳದೆ ಐವತ್ತು ಸಾಲು ಸೇರಿಸಿದರೂ ಅದು ಪಟ್ಟಿಯೇ.

ಕೆಲಸ ಹೇಗೆ ನಡೆಯುತ್ತದೆ ಅಂತ ಏಪ್ರಿಲ್ 12ನ್ನೇ ಇಟ್ಟುಕೊಂಡು ತೋರಿಸುತ್ತೇನೆ. ನೀವು ಬೇರೆ ಯಾವ ತಾರೀಖು ಹಿಡಿದರೂ ದಾರಿ ಇದೇ.

ಹಂತ 1: ಮೊದಲು ಸುಮ್ನೆ ಗುಡ್ಡೆ ಹಾಕಿ

ತಾರೀಖಿಗೆ ಹತ್ತು ದಿನ ಮೊದಲೇ ಶುರು ಮಾಡಿ. ಹಿಂದಿನ ರಾತ್ರಿ ಕೂತರೆ ಪರಿಶೀಲನೆಗೆ ಹೊತ್ತೇ ಸಿಗುವುದಿಲ್ಲ, ತಪ್ಪುಗಳೆಲ್ಲ ಹುಟ್ಟುವುದು ಅಲ್ಲೇ.

ಒಂದು ಎಕ್ಸೆಲ್ ಶೀಟ್ ಸಾಕು, ನೋಟ್‌ಬುಕ್ಕಾದರೂ ಆದೀತು. ಆರು ಕಾಲಂ ಹಾಕಿ: ವರ್ಷ, ಏನಾಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಎಲ್ಲಿ ಓದಿದೆ, ಏನು ಅನುಮಾನ. ಈ ಕೊನೆಯ ಕಾಲಂ ಅನ್ನು ದಯವಿಟ್ಟು ಬಿಡಬೇಡಿ. ಮುಂದೆ ಅದೇ ನಿಮ್ಮನ್ನು ಕಾಪಾಡುವುದು.

ಈ ಹಂತದಲ್ಲಿ ಆರಿಸಲು ಹೋಗಬೇಡಿ. ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳಿ. ಏಪ್ರಿಲ್ 12ಕ್ಕೆ ನನ್ನ ಹಾಳೆಯಲ್ಲಿ ಬಂದದ್ದರಲ್ಲಿ ಕೆಲವು ಇವು. 1204ರಲ್ಲಿ ನಾಲ್ಕನೇ ಕ್ರುಸೇಡಿನ (ಯುರೋಪಿನ ಕ್ರೈಸ್ತರ ಧರ್ಮಯುದ್ಧ) ಸೈನಿಕರು ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಕೋಟೆಯೊಳಗೆ ನುಗ್ಗಿದ್ದು. 1606ರಲ್ಲಿ ಬ್ರಿಟನ್ನಿನ ಯೂನಿಯನ್ ಬಾವುಟಕ್ಕೆ ರಾಜಾಜ್ಞೆ. 1633ರಲ್ಲಿ ರೋಮಿನಲ್ಲಿ ಗೆಲಿಲಿಯೋನ ಮೊದಲ ವಿಚಾರಣೆ. 1831ರಲ್ಲಿ ಇಂಗ್ಲೆಂಡಿನ ಬ್ರೌಟನ್ ತೂಗುಸೇತುವೆ ಮುರಿದದ್ದು. 1861ರಲ್ಲಿ ಫೋರ್ಟ್ ಸಮ್ಟರ್ ಮೇಲೆ ದಾಳಿ, ಅಮೆರಿಕದ ಅಂತರ್ಯುದ್ಧದ ಆರಂಭ. 1917ರಲ್ಲಿ ವಿನೂ ಮಂಕಡ್ ಹುಟ್ಟಿದ್ದು, 1940ರಲ್ಲಿ ಜಾಝ್ ಸಂಗೀತಗಾರ ಹರ್ಬಿ ಹ್ಯಾನ್‌ಕಾಕ್ ಹುಟ್ಟಿದ್ದು. 1945ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಾವು. 1954ರಲ್ಲಿ ಒಂದು ರಾಕ್ ಹಾಡಿನ ರೆಕಾರ್ಡಿಂಗ್. 1955ರಲ್ಲಿ ಪೋಲಿಯೊ ಲಸಿಕೆಯ ಫಲಿತಾಂಶ. 1961ರಲ್ಲಿ ರಷ್ಯಾದ ಗಗಾರಿನ್ ಬಾಹ್ಯಾಕಾಶಕ್ಕೆ ಹೋದದ್ದು. 1980ರಲ್ಲಿ ಕೆನಡಾದಲ್ಲಿ ಟೆರ್ರಿ ಫಾಕ್ಸ್ ಓಟ ಶುರು. 1981ರಲ್ಲಿ ಅಮೆರಿಕದ ಮೊದಲ ಸ್ಪೇಸ್ ಶಟಲ್ ಕೊಲಂಬಿಯಾದ ಹಾರಾಟ. 1992ರಲ್ಲಿ ಪ್ಯಾರಿಸ್ ಹತ್ತಿರ ಯೂರೋ ಡಿಸ್ನಿ ತೆರೆದದ್ದು. 2006ರಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡದ್ದು.

ಒಂದು ಮಾತು. ಅಂತರ್ಜಾಲದ ಪಟ್ಟಿಗಳು ಹೆಚ್ಚಾಗಿ ಯುರೋಪು, ಅಮೆರಿಕದ ಕಡೆಯೇ ವಾಲಿರುತ್ತವೆ. ಕನ್ನಡ ಓದುವವರಿಗೆ ಏಪ್ರಿಲ್ 12 ಅಂದರೆ ಮೊದಲು ಕಣ್ಣ ಮುಂದೆ ಬರುವುದು ಅಣ್ಣಾವ್ರು. ಎಷ್ಟೋ ಪಟ್ಟಿಗಳಲ್ಲಿ ಅವರ ಹೆಸರೇ ಇರುವುದಿಲ್ಲ. ನಿಮ್ಮ ಓದುಗರು ಯಾರು, ಅವರಿಗೆ ಈ ತಾರೀಖು ಯಾಕೆ ಗೊತ್ತು ಅಂತ ಮೊದಲೇ ಯೋಚಿಸಿ, ಬೇರೆ ಕಡೆ ಸಿಗದ ಸಾಲನ್ನು ನೀವೇ ಸೇರಿಸಿ.

ಹಂತ 2: ಕ್ರಿಯಾಪದವನ್ನು ಹಿಡಿದು ಅಲುಗಾಡಿಸಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಇದಕ್ಕೇ ಕೊಡಿ.

ದಿನವಿಶೇಷದಲ್ಲಿ ವರ್ಷ ತಪ್ಪಾಗುವುದು ಕಡಿಮೆ. ತಪ್ಪಾಗುವುದು ಕ್ರಿಯಾಪದ. ‘ಕಂಡುಹಿಡಿದರು’, ‘ಆರಂಭವಾಯಿತು’, ‘ಬಿಡುಗಡೆಯಾಯಿತು’, ‘ಸ್ಥಾಪನೆಯಾಯಿತು’ ಇಂಥ ಮಾತು ಬಂದ ಕೂಡಲೇ ನಿಲ್ಲಿ. ಆ ದಿನ, ಆ ಜಾಗದಲ್ಲಿ, ಯಾರು ಎದ್ದು ಏನು ಮಾಡಿದರು ಅಂತ ಕೇಳಿ.

‘1955: ಜೋನಾಸ್ ಸಾಲ್ಕ್ ಪೋಲಿಯೊ ಲಸಿಕೆ ಕಂಡುಹಿಡಿದರು.’ ಈ ಸಾಲು ಎಷ್ಟು ಕಡೆ ಇದೆಯೋ! ಆದರೆ ಆ ದಿನ ಯಾರೂ ಏನನ್ನೂ ಕಂಡುಹಿಡಿಯಲಿಲ್ಲ. ಲಸಿಕೆ ಅದಕ್ಕಿಂತ ಮೊದಲೇ ಇತ್ತು. 1954ರಲ್ಲಿ ದೊಡ್ಡ ಪರೀಕ್ಷೆ ನಡೆದಿತ್ತು, ಅದರಲ್ಲಿ ಸುಮಾರು 18 ಲಕ್ಷ ಮಕ್ಕಳಿದ್ದರು. ಏಪ್ರಿಲ್ 12ರಂದು ಆದದ್ದು ಇಷ್ಟು: ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾ. ಥಾಮಸ್ ಫ್ರಾನ್ಸಿಸ್ ಆ ಪರೀಕ್ಷೆಯ ಫಲಿತಾಂಶ ಓದಿದರು. ಲಸಿಕೆ ಸುರಕ್ಷಿತ, ಕೆಲಸ ಮಾಡುತ್ತದೆ ಅಂತ ಹೇಳಿದರು. ಅದೇ ದಿನ ಸರ್ಕಾರ ಪರವಾನಗಿಯನ್ನೂ ಕೊಟ್ಟಿತು. ಹಾಗಾಗಿ ಸರಿಯಾದ ಕ್ರಿಯಾಪದ ‘ಪ್ರಕಟವಾಯಿತು’. ಒಂದು ಪದ ಬದಲಾದರೆ ಎಷ್ಟು ವ್ಯತ್ಯಾಸ ನೋಡಿ. ‘ಕಂಡುಹಿಡಿದರು’ ಅಂದರೆ ಒಬ್ಬ ಮನುಷ್ಯ ಕಾಣುತ್ತಾನೆ. ‘ಫಲಿತಾಂಶ ಪ್ರಕಟವಾಯಿತು’ ಅಂದರೆ ತೋಳು ಚಾಚಿ ನಿಂತ ಲಕ್ಷಾಂತರ ಮಕ್ಕಳೂ, ಒಪ್ಪಿಗೆ ಕೊಟ್ಟ ಅಪ್ಪ ಅಮ್ಮಂದಿರೂ ಕಾಣುತ್ತಾರೆ.

ಹಲವು ದಿನ ನಡೆದ ಘಟನೆಗಳಲ್ಲೂ ಇದೇ ಗೋಜಲು. ಕಾನ್‌ಸ್ಟಾಂಟಿನೋಪಲ್ ಯಾವತ್ತು ಬಿತ್ತು? ಗೋಡೆ ಒಡೆದು ಒಳಗೆ ನುಗ್ಗಿದ್ದು 12ಕ್ಕೆ, ನಗರ ಕೈವಶವಾದದ್ದು 13ಕ್ಕೆ. ನಿಮ್ಮ ಪುಟ 12ರದ್ದಾದರೆ ‘ನುಗ್ಗಿದರು’ ಅಂತ ಬರೆಯಿರಿ, ‘ಬಿತ್ತು’ ಅಂತ ಬರೆಯಬೇಡಿ. ಫೋರ್ಟ್ ಸಮ್ಟರ್ ಕೂಡ ಹಾಗೆಯೇ. 1861ರ ಏಪ್ರಿಲ್ 12ರ ಬೆಳಗಿನ ಜಾವ ನಾಲ್ಕೂವರೆಗೆ ಚಾರ್ಲ್ಸ್‌ಟನ್ ಬಂದರಿನಲ್ಲಿ ಗುಂಡಿನ ದಾಳಿ ಶುರುವಾಯಿತು. ಸುಮಾರು 34 ಗಂಟೆ ನಡೆಯಿತು. ಕೋಟೆ ಶರಣಾದದ್ದು 13ಕ್ಕೆ. ಅಷ್ಟು ಹೊತ್ತಿನ ದಾಳಿಯಲ್ಲಿ ಒಬ್ಬರೂ ಸಾಯಲಿಲ್ಲ. 14ರಂದು ಶರಣಾದ ಸೈನಿಕರು ಕೋಟೆ ಬಿಟ್ಟು ಹೋಗುವಾಗ ಬಾವುಟಕ್ಕೆ ತೋಪಿನ ವಂದನೆ ಕೊಡುತ್ತಿದ್ದರು. ಆಗ ಮದ್ದು ಸಿಡಿದು ಒಬ್ಬ ಸೈನಿಕ ಸತ್ತ. ಮುಂದಿನ ನಾಲ್ಕು ವರ್ಷದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತ ಯುದ್ಧ ಶುರುವಾದದ್ದು ಹೀಗೆ. ‘ಆ ದಿನ ಏನಾಯಿತು’ ಅಂತ ಕೇಳಿದರೆ ಮಾತ್ರ ಇಂಥ ವಿವರ ಕೈಗೆ ಸಿಗುತ್ತದೆ.

ಹಂತ 3: ಯಾವ ಕ್ಯಾಲೆಂಡರ್, ಯಾವ ಗಡಿಯಾರ?

ಇದನ್ನು ಕಷ್ಟ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ನಾಲ್ಕು ವಿಷಯ ತಿಳಿದುಕೊಂಡರೆ ಸಾಕು.

ಈಗ ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್ 1582ರಲ್ಲಿ ಬಂತು. ಅದನ್ನು ಮೊದಲೇ ಒಪ್ಪಿದ ಇಟಲಿ, ಸ್ಪೇನ್‌ನಂಥ ಕಡೆ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15. ನಡುವಿನ ಹತ್ತು ತಾರೀಖು ಇಲ್ಲವೇ ಇಲ್ಲ. ಬ್ರಿಟನ್ ಒಪ್ಪಿದ್ದು 1752ರಲ್ಲಿ, ಅಲ್ಲಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ರಷ್ಯಾ ಇನ್ನೂ ತಡ. 1918ರಲ್ಲಿ ಜನವರಿ 31ರ ಮರುದಿನ ಫೆಬ್ರುವರಿ 14. ಅದಕ್ಕೇ ರಷ್ಯಾದ ಅಕ್ಟೋಬರ್ ಕ್ರಾಂತಿಯ ದಿನ ನವೆಂಬರ್ 7ಕ್ಕೆ ಬರುತ್ತದೆ.

ಈಗ ನಮ್ಮ ಹಾಳೆಗೆ ಬನ್ನಿ. ಗೆಲಿಲಿಯೋನ ವಿಚಾರಣೆ 1633ರಲ್ಲಿ, ರೋಮಿನಲ್ಲಿ. ಅಲ್ಲಿ ಹೊಸ ಕ್ಯಾಲೆಂಡರ್ ಆಗಲೇ ಇತ್ತು. ತಾರೀಖು ಹಾಗೇ ಇಡಬಹುದು. 1606ರ ಬಾವುಟದ ರಾಜಾಜ್ಞೆ ಇಂಗ್ಲೆಂಡಿನದು, ಅಲ್ಲಿ ಇನ್ನೂ ಹಳೆಯದೇ. ಇಂದಿನ ಲೆಕ್ಕಕ್ಕೆ ಅದು ಏಪ್ರಿಲ್ 22. ಹಾಗಂತ ಸಾಲನ್ನು ಕಿತ್ತು ಹಾಕಬೇಕಿಲ್ಲ. ‘ಆಗಿನ ಕ್ಯಾಲೆಂಡರ್ ಪ್ರಕಾರ’ ಅಂತ ಮೂರು ಪದ ಸೇರಿಸಿ. 1582ಕ್ಕಿಂತ ಹಿಂದಿನ ತಾರೀಖುಗಳನ್ನು ಸಾಮಾನ್ಯವಾಗಿ ಹಳೆಯ ಲೆಕ್ಕದಲ್ಲೇ ಬಿಡುತ್ತಾರೆ, 1204ರದ್ದು ಹಾಗೇ ಇರಲಿ.

ಇದನ್ನು ನೋಡದಿದ್ದರೆ ಏನಾಗುತ್ತದೆ? ‘ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸೆರ್ವಾಂಟಿಸ್ ಒಂದೇ ದಿನ, 1616ರ ಏಪ್ರಿಲ್ 23ರಂದು ಸತ್ತರು’ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಸ್ಪೇನ್ ಹೊಸ ಕ್ಯಾಲೆಂಡರಿನಲ್ಲಿತ್ತು, ಇಂಗ್ಲೆಂಡ್ ಹಳೆಯದರಲ್ಲಿ. ತಾರೀಖು ಒಂದೇ, ದಿನ ಬೇರೆ. ಇಬ್ಬರ ನಡುವೆ ಹತ್ತು ದಿನದಷ್ಟು ಅಂತರ. ಸೆರ್ವಾಂಟಿಸ್ ಸತ್ತದ್ದು 22ಕ್ಕೆ, ಹೂಳಿದ್ದು 23ಕ್ಕೆ ಅಂತಲೂ ವಿದ್ವಾಂಸರು ಹೇಳುತ್ತಾರೆ. ನಾನೂ ಇದನ್ನು ಒಂದು ಸಲ ನಂಬಿ ಬರೆದಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ನೆ ಹೇಳಿಲ್ಲ, ಅಲ್ವಾ?

ಇನ್ನು ಗಡಿಯಾರ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟದ್ದು ಅಮೆರಿಕದ ಪೂರ್ವ ಭಾಗದಲ್ಲಿ 1969ರ ಜುಲೈ 20ರ ರಾತ್ರಿ 10 ಗಂಟೆ 56 ನಿಮಿಷಕ್ಕೆ. ಭಾರತದಲ್ಲಿ ಆಗ ಜುಲೈ 21, ಬೆಳಿಗ್ಗೆ 8 ಗಂಟೆ 26 ನಿಮಿಷ. ಎರಡೂ ಸರಿ. ಯಾವ ಊರಿನ ಗಡಿಯಾರ ಅಂತ ಹೇಳಿದರೆ ಆಯಿತು. ಗಗಾರಿನ್ ಹೊರಟದ್ದು ಮಾಸ್ಕೋ ಸಮಯ ಬೆಳಿಗ್ಗೆ 9 ಗಂಟೆ 7 ನಿಮಿಷಕ್ಕೆ. ಆಗ ಹವಾಯಿಯಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ. ನಿಯಮ ಸರಳ: ಘಟನೆ ನಡೆದ ಜಾಗದ ತಾರೀಖೇ ಅದರ ತಾರೀಖು. ಬೇರೆ ಲೆಕ್ಕ ಹಿಡಿದಿದ್ದರೆ ಸ್ಪಷ್ಟವಾಗಿ ಹೇಳಿ.

ಹಳೆಯ ಪತ್ರಿಕೆ ನೋಡುವಾಗಲೂ ಹುಷಾರು. ಸುದ್ದಿ ಅಚ್ಚಾಗುವುದು ಮರುದಿನ. ಏಪ್ರಿಲ್ 13ರ ಪತ್ರಿಕೆಯಲ್ಲಿ ‘ನಿನ್ನೆ’ ಅಂತ ಇದ್ದರೆ ಅದು 12. ತಂತಿ ಸುದ್ದಿಯ ಕಾಲದಲ್ಲಿ ಇನ್ನೂ ತಡವಾಗಿ ಬಂದದ್ದೂ ಇದೆ. ಪತ್ರಿಕೆಯ ತಲೆಬರಹದ ತಾರೀಖನ್ನೇ ಘಟನೆಯ ತಾರೀಖು ಮಾಡಿಬಿಡಬೇಡಿ. ಚಂದ್ರನ ಲೆಕ್ಕದಲ್ಲಿ ಬರುವ ದಿನಗಳು, ಅಂದರೆ ಈಸ್ಟರ್, ಈದ್, ಬುದ್ಧ ಪೂರ್ಣಿಮೆಯಂಥವು, ಪ್ರತಿವರ್ಷ ಜಾಗ ಬದಲಿಸುತ್ತವೆ. ಅವನ್ನು ಒಂದು ತಾರೀಖಿಗೆ ಕಟ್ಟಿಹಾಕಲು ಆಗುವುದಿಲ್ಲ. ತಿಥಿ ಬೇರೆ, ತಾರೀಖು ಬೇರೆ.

ಹಂತ 4: ಹಾಡು, ಸಿನಿಮಾಗಳಿಗೆ ಯಾವ ತಾರೀಖು?

ಯುದ್ಧಕ್ಕೆ ಕೊಡುವಷ್ಟೇ ಗೌರವವನ್ನು ಹಾಡಿಗೂ ಕೊಡಿ. ಜನರ ಬದುಕಿನೊಳಗೆ ಹೆಚ್ಚು ಇಳಿದಿರುವುದು ಹಾಡೇ. ಆದರೆ ಹಾಡಿಗೆ ಒಂದೇ ಹುಟ್ಟಿದ ದಿನ ಇರುವುದಿಲ್ಲ. ಬರೆದ ದಿನ, ರೆಕಾರ್ಡ್ ಆದ ದಿನ, ಮಾರುಕಟ್ಟೆಗೆ ಬಂದ ದಿನ, ಜನ ಹುಚ್ಚೆದ್ದು ಕೇಳಲು ಶುರುಮಾಡಿದ ದಿನ ಎಲ್ಲಾ ಬೇರೆ ಬೇರೆ.

ಬಿಲ್ ಹೇಲಿ ತಂಡದ ‘ರಾಕ್ ಅರೌಂಡ್ ದ ಕ್ಲಾಕ್’ ಇದಕ್ಕೆ ಒಳ್ಳೆಯ ಉದಾಹರಣೆ. 1954ರ ಏಪ್ರಿಲ್ 12ರಂದು ನ್ಯೂಯಾರ್ಕಿನ ಪಿಥಿಯನ್ ಟೆಂಪಲ್ ಅನ್ನುವ ಕಟ್ಟಡದ ಸ್ಟುಡಿಯೋದಲ್ಲಿ ರೆಕಾರ್ಡ್ ಆಯಿತು. ಆ ದಿನದ ಹೊತ್ತೆಲ್ಲ ಹೆಚ್ಚಾಗಿ ಇನ್ನೊಂದು ಹಾಡಿಗೆ ಹೋಗಿತ್ತು. ಉಳಿದ ಸ್ವಲ್ಪ ಸಮಯದಲ್ಲಿ ಇದನ್ನು ಮುಗಿಸಿದರು. ಮೇ ತಿಂಗಳಲ್ಲಿ ಗ್ರಾಮಫೋನ್ ತಟ್ಟೆಯ ಹಿಂಬದಿಯ ಹಾಡಾಗಿ ಹೊರಬಂತು. ದೊಡ್ಡ ಸದ್ದೇನೂ ಆಗಲಿಲ್ಲ. ಮರುವರ್ಷ ಒಂದು ಸಿನಿಮಾದ ಆರಂಭದಲ್ಲಿ ಬಳಸಿದ ಮೇಲೆ ಜನ ಹುಚ್ಚೆದ್ದರು. 1955ರ ಜುಲೈಯಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಏರಿ ಎಂಟು ವಾರ ಅಲ್ಲೇ ಕೂತಿತು.

ಹಾಗಾದರೆ ‘1954ರ ಏಪ್ರಿಲ್ 12ರಂದು ರಾಕ್ ಯುಗ ಶುರು’ ಅಂತ ಬರೆಯಬಹುದಾ? ಬೇಡ. ಸ್ಟುಡಿಯೋದಲ್ಲಿ ಇದ್ದವರಿಗೆ ಆ ದಿನ ಹಾಗೇನೂ ಅನ್ನಿಸಿರಲು ಸಾಧ್ಯವಿಲ್ಲ. ಹೊತ್ತು ಮೀರುತ್ತಿದ್ದ ಒಂದು ಸೋಮವಾರ ಅದು. ‘ರೆಕಾರ್ಡ್ ಆಯಿತು, ಲೋಕ ಕೇಳಿದ್ದು ಮರುವರ್ಷ’ ಅಂತ ಬರೆದರೆ ಕಥೆ ಇನ್ನೂ ಚೆನ್ನಾಗಿರುತ್ತದೆ.

ಸಿನಿಮಾಗಳಿಗೆ ಮೊದಲ ಪ್ರದರ್ಶನ ಬೇರೆ, ಸಾರ್ವಜನಿಕ ಬಿಡುಗಡೆ ಬೇರೆ. ಒಂದೊಂದು ದೇಶಕ್ಕೆ ಒಂದೊಂದು ತಾರೀಖು. ಧಾರಾವಾಹಿ, ಆಟ, ಆ್ಯಪ್‌ಗಳಿಗೂ ಇದೇ ಮಾತು.

ಹಂತ 5: ತೂರಿ ಗಟ್ಟಿ ಕಾಳು ಉಳಿಸಿ

ಹಾಳೆಯಲ್ಲಿ ಮೂವತ್ತು ಸಾಲು ಇದ್ದರೆ ಪುಟಕ್ಕೆ ಬರಬೇಕಾದದ್ದು ಆರೇಳು. ಇದು ನನ್ನ ಲೆಕ್ಕ. ನಿಮಗೆ ಎಂಟು ಬೇಕಾದರೆ ಎಂಟು ಇಡಿ, ಇಪ್ಪತ್ತು ಬೇಡ.

ಒಂದೊಂದು ಸಾಲಿಗೂ ನಾನು ಕೇಳುವುದು ಇದು: ಊಟದ ಹೊತ್ತಿನಲ್ಲಿ ಇದನ್ನು ಪಕ್ಕದಲ್ಲಿ ಕೂತವರಿಗೆ ಹೇಳಬೇಕು ಅನ್ನಿಸುತ್ತದಾ? ಬ್ರೌಟನ್ ಸೇತುವೆಗೆ ಈ ಪರೀಕ್ಷೆಯಲ್ಲಿ ಪೂರ್ತಿ ಅಂಕ. 1831ರಲ್ಲಿ 74 ಸೈನಿಕರು ನಾಲ್ಕು ನಾಲ್ಕು ಜನರ ಸಾಲಿನಲ್ಲಿ ಹೆಜ್ಜೆ ಹಾಕುತ್ತಾ ಸೇತುವೆ ದಾಟುತ್ತಿದ್ದರು. ಹೆಜ್ಜೆಗೆ ಸರಿಯಾಗಿ ಸೇತುವೆ ತೂಗತೊಡಗಿತು. ಅವರಿಗೆ ಮಜಾ ಅನ್ನಿಸಿತು. ಶಿಳ್ಳೆ ಹಾಕುತ್ತಾ ಇನ್ನೂ ತಾಳಕ್ಕೆ ಹೆಜ್ಜೆ ಹಾಕಿದರು. ಸೇತುವೆ ಒಂದು ತುದಿಯಲ್ಲಿ ಕುಸಿದು ನಲವತ್ತರಷ್ಟು ಜನ ನೀರಿಗೆ ಬಿದ್ದರು. ಸಾವು ಆಗಲಿಲ್ಲ, ಸುಮಾರು ಇಪ್ಪತ್ತು ಜನಕ್ಕೆ ಪೆಟ್ಟಾಯಿತು. ಒಂದು ಬೋಲ್ಟ್ ಮೊದಲೇ ಸರಿಯಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಅಂದಿನಿಂದ ಸೇತುವೆ ದಾಟುವಾಗ ಹೆಜ್ಜೆ ತಾಳ ಬಿಟ್ಟು ನಡೆಯಬೇಕು ಅನ್ನುವ ಆದೇಶ ಬ್ರಿಟಿಷ್ ಸೇನೆಯಲ್ಲಿ ಬಂತು. ಇಂಥ ಸಣ್ಣ ಘಟನೆಯನ್ನು ಬಿಟ್ಟು ಇನ್ನೊಬ್ಬ ರಾಜನ ಪಟ್ಟಾಭಿಷೇಕ ಹಾಕುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಹುಟ್ಟುಹಬ್ಬದ ಪಟ್ಟಿ ಬೇಗ ಉದ್ದವಾಗಿಬಿಡುತ್ತದೆ. ಹುಟ್ಟಿದ ದಿನ ಆ ವ್ಯಕ್ತಿ ಏನೂ ಮಾಡಿರುವುದಿಲ್ಲ. ಹಾಗಾಗಿ ಹೆಸರಿನ ಜೊತೆ ಒಂದು ಕೆಲಸ ಇರಲೇಬೇಕು. ‘ವಿನೂ ಮಂಕಡ್, ಕ್ರಿಕೆಟಿಗ’ ಸಾಲದು. ‘1956ರಲ್ಲಿ ಮದ್ರಾಸಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಪಂಕಜ್ ರಾಯ್ ಜೊತೆ ಮೊದಲ ವಿಕೆಟ್‌ಗೆ 413 ರನ್ ಸೇರಿಸಿದವರು’ ಅಂದರೆ ಕ್ರಿಕೆಟ್ ಗೊತ್ತಿರುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಯೂರೋ ಡಿಸ್ನಿ ಒಂದು ಸಾಲಿನಲ್ಲಿ ಮುಗಿಯಲಿ.

ಹಂತ 6: ನಂಟು ಹುಡುಕಿ, ಗಂಟು ಹಾಕಬೇಡಿ

ಆರಿಸಿದ ಸಾಲುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಕೆಲವು ಒಂದರ ಜೊತೆ ಒಂದು ಮಾತಾಡತೊಡಗುತ್ತವೆ. ಪುಟಕ್ಕೆ ಜೀವ ಬರುವುದು ಇಲ್ಲಿ.

ರೂಸ್‌ವೆಲ್ಟ್ ತೀರಿಕೊಂಡದ್ದು 1945ರ ಏಪ್ರಿಲ್ 12ರಂದು, ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ, ಮೆದುಳಿನ ರಕ್ತಸ್ರಾವದಿಂದ. ಪೋಲಿಯೊ ಫಲಿತಾಂಶ ಬಂದದ್ದು ಸರಿಯಾಗಿ ಹತ್ತು ವರ್ಷದ ಮೇಲೆ. ಬರೀ ತಾರೀಖು ಕೂಡಿತು ಅಂತ ಬಿಡಬಹುದಿತ್ತು. ಆದರೆ ಹಿಂದೆ ಹೋಗಿ ನೋಡಿ. 1921ರಲ್ಲಿ ರೂಸ್‌ವೆಲ್ಟ್‌ಗೆ ಕಾಲಿನ ಶಕ್ತಿ ಹೋಯಿತು, ಪೋಲಿಯೊ ಅಂತ ವೈದ್ಯರು ಹೇಳಿದರು. ವಾರ್ಮ್ ಸ್ಪ್ರಿಂಗ್ಸ್‌ಗೆ ಅವರು ಮೊದಲು ಹೋದದ್ದೇ ಅಲ್ಲಿನ ಬಿಸಿನೀರಿನ ಚಿಕಿತ್ಸೆಗಾಗಿ. 1938ರಲ್ಲಿ ಪೋಲಿಯೊ ವಿರುದ್ಧ ಒಂದು ರಾಷ್ಟ್ರೀಯ ಪ್ರತಿಷ್ಠಾನ ಕಟ್ಟಿದರು. ಜನ ಹತ್ತು ಸೆಂಟಿನ ನಾಣ್ಯ ಕಳಿಸಿ ಅದಕ್ಕೆ ಹಣ ಕೂಡಿಸಿದರು. ಸಾಲ್ಕ್ ಅವರ ಸಂಶೋಧನೆ ನಡೆದದ್ದು, 1954ರ ಪರೀಕ್ಷೆ ನಡೆದದ್ದು ಅದೇ ಹಣದಲ್ಲಿ. ಇದು ನಿಜವಾದ ನಂಟು. ಕಾಯಿಲೆ, ಹಣ, ಲಸಿಕೆ ಒಂದೇ ದಾರದಲ್ಲಿವೆ. ಈ ಎರಡು ಸಾಲನ್ನು ನಾನು ಯಾವತ್ತೂ ಬೇರೆ ಮಾಡುವುದಿಲ್ಲ.

ಗಗಾರಿನ್ ಮತ್ತು ಶಟಲ್ ಕಥೆ ಬೇರೆ. ‘ಗಗಾರಿನ್ ಹಾರಾಟದ 20ನೇ ವರ್ಷಕ್ಕೆಂದೇ ಅಮೆರಿಕ ಕೊಲಂಬಿಯಾವನ್ನು ಹಾರಿಸಿತು’ ಅಂತ ಬರೆಯುವ ಆಸೆ ಯಾರಿಗೂ ಆಗುತ್ತದೆ. ಆದರೆ ಕೊಲಂಬಿಯಾ ಹೊರಡಬೇಕಿದ್ದದ್ದು 1981ರ ಏಪ್ರಿಲ್ 10ಕ್ಕೆ. ನೌಕೆಯ ಮುಖ್ಯ ಕಂಪ್ಯೂಟರ್‌ಗಳಿಗೂ ಬದಲಿ ಕಂಪ್ಯೂಟರಿಗೂ ಸಮಯ ಹೊಂದಲಿಲ್ಲ. ಎರಡು ದಿನ ಮುಂದಕ್ಕೆ ಹೋಯಿತು. 12ರ ಭಾನುವಾರ ಬೆಳಿಗ್ಗೆ ಜಾನ್ ಯಂಗ್, ರಾಬರ್ಟ್ ಕ್ರಿಪ್ಪೆನ್ ಹೊರಟರು. ಅದು ಆಕಸ್ಮಿಕ, ಆಕಸ್ಮಿಕ ಅಂತಲೇ ಬರೆಯಿರಿ.

ಇನ್ನು ಕೆಲವು ಹೊಂದಿಕೆಗಳನ್ನು ಮುಟ್ಟಲೇಬೇಡಿ. ಗಗಾರಿನ್ ಹಾರಾಟ 108 ನಿಮಿಷ ಅಂತ ದಾಖಲಾಗಿದೆ. ರಾಜ್‌ಕುಮಾರ್ ಅವರು 2000ದಲ್ಲಿ ಅಪಹರಣವಾಗಿ ಕಾಡಿನಲ್ಲಿ ಕಳೆದದ್ದು 108 ದಿನ. ಇಬ್ಬರ ಹೆಸರೂ ಏಪ್ರಿಲ್ 12ರಲ್ಲಿದೆ. ಇದನ್ನು ಜೋಡಿಸಿ ಬರೆದರೆ ಜನ ಹಂಚಿಕೊಳ್ಳಬಹುದು. ಆದರೆ ಅದು ಬೋಳು ತಲೆಗೂ ಮೊಣಕಾಲಿಗೂ ಗಂಟು ಹಾಕಿದಂತೆ. ಒಬ್ಬ ದೊಡ್ಡ ಕಲಾವಿದರ ಕಷ್ಟದ ದಿನಗಳನ್ನು ಲೆಕ್ಕದ ಆಟ ಮಾಡಬಾರದು.

ಹಂತ 7: ಒಂದು ಸಾಲಿಗೆ ಒಂದು ಹತ್ತಿರದ ನೋಟ

ಬರೆಯುವಾಗ ಪ್ರತಿ ಘಟನೆಯಲ್ಲೂ ಕಣ್ಣಿಗೆ ಕಾಣುವ ಒಂದು ವಿವರ ಇರಲಿ. ಒಂದೇ ಸಾಕು.

‘1961: ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋದ ಮೊದಲ ಮಾನವ.’ ಸರಿಯಾಗಿಯೇ ಇದೆ, ಆದರೆ ಏನೂ ಕಾಣುವುದಿಲ್ಲ. ನಾನು ಬರೆದದ್ದು ಹೀಗೆ:

‘1961, ಬುಧವಾರ. ರಷ್ಯಾದ ಸರಾಟೊವ್ ಪ್ರದೇಶದ ಒಂದು ಹೊಲ. ಒಬ್ಬ ಹೆಂಗಸು ಪುಟ್ಟ ಮೊಮ್ಮಗಳ ಜೊತೆ ಆಲೂಗಡ್ಡೆ ನೆಡುತ್ತಿದ್ದಾರೆ. ಕಿತ್ತಳೆ ಬಣ್ಣದ ಉಡುಪು, ಬಿಳಿ ಹೆಲ್ಮೆಟ್ ತೊಟ್ಟ ಒಬ್ಬ ಯುವಕ ಅವರ ಕಡೆ ನಡೆದು ಬರುತ್ತಾನೆ. ಆತ ಆಗಷ್ಟೇ ಭೂಮಿಯನ್ನು ಒಂದು ಸುತ್ತು ಹಾಕಿ ಇಳಿದಿದ್ದಾನೆ. ವಯಸ್ಸು 27. ಹೆಸರು ಯೂರಿ ಗಗಾರಿನ್.’

ಇದೇ ಇಳಿಯುವಿಕೆಯಲ್ಲಿ ಇನ್ನೊಂದು ವಿಷಯ ಇದೆ. ಗಗಾರಿನ್ ನೌಕೆಯೊಳಗೆ ಕೂತು ಇಳಿಯಲಿಲ್ಲ. ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಹೊರಬಂದು ಪ್ಯಾರಾಚೂಟ್‌ನಲ್ಲಿ ಇಳಿದರು. ಹಾರಾಟ ದಾಖಲೆಯಾಗಬೇಕಾದರೆ ಚಾಲಕ ನೌಕೆಯೊಳಗೇ ಇಳಿಯಬೇಕು ಅನ್ನುವ ನಿಯಮಕ್ಕೆ ತೊಂದರೆಯಾಗಬಾರದು ಅಂತ ಸೋವಿಯತ್ ಒಕ್ಕೂಟ ಇದನ್ನು ವರ್ಷಗಟ್ಟಲೆ ಹೇಳಲಿಲ್ಲ. ಹಳೆಯ ಪುಸ್ತಕ ಮಾತ್ರ ನೋಡಿದರೆ ಇದು ತಪ್ಪಿಹೋಗುತ್ತದೆ. ಹೊಸದನ್ನೂ ನೋಡಿ.

ರೂಸ್‌ವೆಲ್ಟ್ ಸಾಲಿಗೆ ಹತ್ತಿರದ ನೋಟ ಎಂದರೆ ಆ ಚಿತ್ರಪಟ. ಕುಸಿಯುವ ಹೊತ್ತಿನಲ್ಲಿ ಅವರು ಕಲಾವಿದೆ ಎಲಿಜಬೆತ್ ಶೌಮಟಾಫ್ ಮುಂದೆ ಕೂತಿದ್ದರು, ಬಣ್ಣದ ಕೆಲಸ ನಡೆದಿತ್ತು. ಆ ಚಿತ್ರ ಅರ್ಧಕ್ಕೇ ನಿಂತಿತು. ಟೆರ್ರಿ ಫಾಕ್ಸ್ ಸಾಲಿಗೆ ಕಾಲು. ಕ್ಯಾನ್ಸರ್‌ನಿಂದ ಒಂದು ಕಾಲು ಕಳೆದುಕೊಂಡಿದ್ದ 21ರ ಹುಡುಗ 1980ರ ಈ ದಿನ ಸೇಂಟ್ ಜಾನ್ಸ್ ಊರಿನ ಕಡಲಿಗೆ ಬಂದು ತನ್ನ ಕೃತಕ ಕಾಲನ್ನು ಅಟ್ಲಾಂಟಿಕ್ ನೀರಿನಲ್ಲಿ ಅದ್ದಿ ಓಟ ಶುರು ಮಾಡಿದ. 143 ದಿನ, 5,373 ಕಿಲೋಮೀಟರ್. ಕಾಯಿಲೆ ಶ್ವಾಸಕೋಶಕ್ಕೆ ಬಂದು ನಿಲ್ಲಿಸಬೇಕಾಯಿತು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡ. ಈ ಸಾಲು ಬರೆಯುವಾಗ ಪ್ರತಿಸಲವೂ ಕೈ ಒಂದು ಕ್ಷಣ ನಿಲ್ಲುತ್ತದೆ.

ಮಾತುಗಳನ್ನು ಉಲ್ಲೇಖಿಸುವಾಗ ಇನ್ನೂ ಎಚ್ಚರ. ಹೊರಡುವಾಗ ಗಗಾರಿನ್ ‘ಪೊಯೇಖಲಿ’ ಅಂದದ್ದು, ಅಂದರೆ ‘ಹೊರಟೆವು’ ಅಂದದ್ದು, ಧ್ವನಿಮುದ್ರಿಕೆಯಲ್ಲಿದೆ. ಧೈರ್ಯವಾಗಿ ಬರೆಯಿರಿ. ‘ಮೇಲೆ ದೇವರು ಕಾಣಲಿಲ್ಲ’ ಅಂತ ಅವರ ಹೆಸರಿನಲ್ಲಿ ಓಡಾಡುವ ಮಾತು ಹಾರಾಟದ ಯಾವ ದಾಖಲೆಯಲ್ಲೂ ಇಲ್ಲ. ಬಿಟ್ಟುಬಿಡಿ. ಸಾಲ್ಕ್ ಅವರನ್ನು ಅದೇ ದಿನ ಟೀವಿಯಲ್ಲಿ ಲಸಿಕೆಯ ಪೇಟೆಂಟ್ ಯಾರದು ಅಂತ ಕೇಳಿದರು. ಜನರದ್ದು, ಪೇಟೆಂಟ್ ಇಲ್ಲ, ಸೂರ್ಯನಿಗೆ ಪೇಟೆಂಟ್ ಮಾಡಿಸಲು ಆಗುತ್ತದಾ ಅಂತ ಅವರು ಕೇಳಿದ್ದು ರೆಕಾರ್ಡ್ ಆಗಿದೆ. ಇದನ್ನು ಬಳಸಬಹುದು. ಜೊತೆಗೆ ಮುಂದೆ ಏನಾಯಿತು ಅಂತಲೂ ಒಂದು ಸಾಲು ಬೇಕು. ಕೆಲವೇ ವಾರದಲ್ಲಿ ಒಂದು ತಯಾರಕರ ಲಸಿಕೆಯಲ್ಲಿ ಜೀವಂತ ವೈರಸ್ ಉಳಿದು ಮಕ್ಕಳಿಗೆ ಪೋಲಿಯೊ ಬಂತು, ಕಾರ್ಯಕ್ರಮ ಸ್ವಲ್ಪ ಕಾಲ ನಿಂತಿತು, ತಯಾರಿಕೆಯ ನಿಯಮ ಬಿಗಿಯಾಯಿತು. ಸಂಭ್ರಮದ ಸಾಲು ಮಾತ್ರ ಇಟ್ಟರೆ ಅರ್ಧ ಸತ್ಯ ಹೇಳಿದಂತೆ.

ಹಂತ 8: ಹಾಕುವ ಮುಂಚೆ ಕೈಯಿಂದ ಲೆಕ್ಕ ಮಾಡಿ

ವಯಸ್ಸನ್ನು ಎಲ್ಲಿಂದಲೂ ಎತ್ತಿ ಹಾಕಬೇಡಿ, ನೀವೇ ಲೆಕ್ಕ ಮಾಡಿ. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24, ತೀರಿಕೊಂಡದ್ದು 2006ರ ಏಪ್ರಿಲ್ 12. 2006ರಲ್ಲಿ 1929 ಕಳೆದರೆ 77. ಆದರೆ ಆ ವರ್ಷದ ಹುಟ್ಟುಹಬ್ಬ ಬರಲು ಇನ್ನೂ 12 ದಿನ ಬಾಕಿ ಇತ್ತು. ಅವರ ವಯಸ್ಸು 76. ನಾನು ಒಂದು ಸಲ 77 ಅಂತ ಬರೆದುಬಿಟ್ಟಿದ್ದೆ. ಒಬ್ಬ ಓದುಗರು ತುಂಬಾ ಪ್ರೀತಿಯಿಂದ ತಿದ್ದಿದರು, ‘ಸರ್, ಹುಟ್ಟುಹಬ್ಬಕ್ಕೆ ಕಾಯ್ತಾ ಇದ್ವಿ, ಅಷ್ಟರಲ್ಲಿ ಹೋಗಿಬಿಟ್ರು’ ಅಂತ. ಆ ಒಂದು ಮಾತಿನಲ್ಲಿ ನನ್ನ ಸಾಲಿಗಿಂತ ಜಾಸ್ತಿ ಇತಿಹಾಸ ಇತ್ತು. ಅಂದಿನಿಂದ ಕಳೆಯುವ ಲೆಕ್ಕವನ್ನು ಕಾಗದದ ಮೇಲೆಯೇ ಮಾಡುತ್ತೇನೆ. ಅವರ ಇಷ್ಟದಂತೆ ಕಣ್ಣುಗಳನ್ನು ದಾನ ಮಾಡಿದ ಸಂಗತಿಯನ್ನು ಆ ಸಾಲಿನಲ್ಲಿ ತಪ್ಪದೆ ಸೇರಿಸುತ್ತೇನೆ.

ವಾರವನ್ನೂ ಒಮ್ಮೆ ನೋಡಿ. ಹಳೆಯ ವರದಿಯಲ್ಲಿ ‘ಗುರುವಾರ’ ಅಂತಿದ್ದು ಕ್ಯಾಲೆಂಡರ್ ‘ಶುಕ್ರವಾರ’ ಅಂದರೆ ಎಲ್ಲೋ ತಾರೀಖು ಜಾರಿದೆ ಅಂತ ಅರ್ಥ. 1945ರ ಏಪ್ರಿಲ್ 12 ಗುರುವಾರ, 1955ರದ್ದು ಮಂಗಳವಾರ. ಫೋನಿನಲ್ಲೇ ಒಂದು ನಿಮಿಷದ ಕೆಲಸ.

ಪದ ಬಳಕೆ ಕೂಡ ಇಲ್ಲೇ ನೋಡಿಬಿಡಿ. ಇರುವವರಿಗೆ ಹುಟ್ಟುಹಬ್ಬದ ಶುಭಾಶಯ, ಇಲ್ಲದವರಿಗೆ ಜನ್ಮದಿನದ ನೆನಪು. ಸಾವಿನ ಸಾಲಿನ ಪಕ್ಕದಲ್ಲಿ ಬಲೂನಿನ ಚಿತ್ರ ಬರಬಾರದು. ಚಿತ್ರ ಹಾಕುವುದಾದರೆ ಅದು ಅದೇ ಘಟನೆಯದ್ದಾ ಅಂತ ನೋಡಿ. ಶಟಲ್ ಸುದ್ದಿಗೆ ಬೇರೆ ಹಾರಾಟದ ಫೋಟೊ ಹಾಕುವುದು ಎಷ್ಟೋ ಕಡೆ ಕಾಣುತ್ತದೆ. ಕೊಲಂಬಿಯಾದ ಮೊದಲ ಎರಡು ಹಾರಾಟದಲ್ಲಿ ದೊಡ್ಡ ಇಂಧನ ಟ್ಯಾಂಕ್ ಬಿಳಿ ಬಣ್ಣದ್ದು, ಆಮೇಲಿನದ್ದು ಕಿತ್ತಳೆ. ಟ್ಯಾಂಕ್ ಕಿತ್ತಳೆಯಾಗಿದ್ದರೆ ಅದು 1981ರ ಏಪ್ರಿಲ್ 12ರ ಚಿತ್ರ ಅಲ್ಲ.

ಹಂತ 9: ಹಾಳೆಯನ್ನು ಎಸೆಯಬೇಡಿ

ಪುಟ ಹಾಕಿದ ಮೇಲೆ ತಿದ್ದುಪಡಿ ಬಂದರೆ ಸುಮ್ನೆ ಅಳಿಸಿ ಬದಲಿಸಬೇಡಿ. ‘ಇಲ್ಲಿ 77 ಎಂದಿತ್ತು, ಸರಿಪಡಿಸಿದೆ’ ಅಂತ ಕೆಳಗೆ ಬರೆಯಿರಿ. ಹಾಳೆಯಲ್ಲೂ ಗುರುತು ಹಾಕಿ. ಮುಂದಿನ ವರ್ಷ ಅದೇ ತಾರೀಖು ಬಂದಾಗ ಅರ್ಧ ಕೆಲಸ ಮುಗಿದಿರುತ್ತದೆ, ಬಿಟ್ಟುಹೋದ ಸಾಲುಗಳಿಗೂ ಒಂದು ಅವಕಾಶ ಸಿಗುತ್ತದೆ.

ದುಂಡು ಸಂಖ್ಯೆಯ ವರ್ಷಗಳನ್ನು ಈಗಲೇ ಗುರುತು ಮಾಡಿಟ್ಟುಕೊಳ್ಳಿ. 25, 50, 100 ವರ್ಷ ತುಂಬುವಾಗ ಓದುವವರೂ ಹೆಚ್ಚು, ಹೊಸ ದಾಖಲೆ, ಫೋಟೊ ಹೊರಬರುವುದೂ ಹೆಚ್ಚು. ಗಗಾರಿನ್ ಹಾರಾಟಕ್ಕೆ 50 ವರ್ಷ ತುಂಬುವ ಹೊತ್ತಿಗೆ, 2011ರಲ್ಲಿ, ವಿಶ್ವಸಂಸ್ಥೆ ಏಪ್ರಿಲ್ 12ನ್ನು ಮಾನವ ಬಾಹ್ಯಾಕಾಶ ಹಾರಾಟದ ಅಂತರರಾಷ್ಟ್ರೀಯ ದಿನ ಅಂತ ಘೋಷಿಸಿತು.

ನನ್ನ ಹಾಳೆಯಲ್ಲಿ 2031ರ ಏಪ್ರಿಲ್ 12ಕ್ಕೆ ಕೆಂಪು ಗುರುತು ಬಿದ್ದಿದೆ. ಶನಿವಾರ. ಬ್ರೌಟನ್ ಸೇತುವೆ ಬಿದ್ದು 200 ವರ್ಷ, ಗಗಾರಿನ್‌ಗೆ 70, ಕೊಲಂಬಿಯಾಕ್ಕೆ 50, ಅಣ್ಣಾವ್ರು ಹೋಗಿ 25. ಆ ಪುಟಕ್ಕೆ ಈಗಿನಿಂದಲೇ ಒಂದೊಂದೇ ಸಾಲು ಸೇರಿಸುತ್ತಿದ್ದೇನೆ.